ಗ್ರಹಣದ ರಾತ್ರಿಗೆ ಒಂದು 10×50: ನಿಕಾನ್ ಅಕ್ಯುಲಾನ್ ಎ211 ಬೈನಾಕ್ಯುಲರ್ ವಿಮರ್ಶೆ

2028ರ ಡಿಸೆಂಬರ್ 31ರ ರಾತ್ರಿ ಖಗ್ರಾಸ, ಅಂದರೆ ಪೂರ್ಣ ಚಂದ್ರಗ್ರಹಣ. ಸ್ಪರ್ಶ (ನೆರಳು ತಾಗುವುದು) 8.37ಕ್ಕೆ, ನಿಮೀಲನ (ಪೂರ್ತಿ ಮುಚ್ಚುವುದು) 9.46ಕ್ಕೆ, ಮಧ್ಯ 10.22ಕ್ಕೆ, ಉನ್ಮೀಲನ (ಮತ್ತೆ ತೆರೆಯತೊಡಗುವುದು) 10.58ಕ್ಕೆ. ಮೋಕ್ಷ (ನೆರಳು ಪೂರ್ತಿ ಬಿಡುವುದು) 12.06ಕ್ಕೆ, ಹೊಸ ವರ್ಷ ಹುಟ್ಟಿ ಆರು ನಿಮಿಷ ಕಳೆದ ಮೇಲೆ. ನಿಮ್ಮ ಪಂಚಾಂಗದಲ್ಲಿ ಒಂದೆರಡು ನಿಮಿಷ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಕಾಸರಗೋಡಿನವರಿಗೆ ಇದು ಅಪರೂಪದ ಗ್ರಹಣ ಅನ್ನಿಸುವುದು ತಿಂಗಳ ಕಾರಣಕ್ಕೆ. 2018ರ ಜುಲೈ 27ರ ಗ್ರಹಣ 103 ನಿಮಿಷ ಪೂರ್ತಿ ಮುಚ್ಚಿತ್ತು, ಈ ಶತಮಾನದಲ್ಲೇ ಅತಿ ದೀರ್ಘ. ಆದರೆ ಬಂದದ್ದು ಜೋರು ಮಳೆಯ ಆಟಿ ತಿಂಗಳಲ್ಲಿ. ಆಟಿಯ ಆಕಾಶ ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. 2025ರ ಸೆಪ್ಟೆಂಬರ್ 7ರದ್ದು 82 ನಿಮಿಷ, ಅದು ಆಟಿಯ ನಂತರದ ಸೋಣ ತಿಂಗಳು, ಆಗಲೂ ಮೋಡವನ್ನು ನಂಬುವಂತಿಲ್ಲ. 2026ರ ಮಾರ್ಚ್ 3ರದ್ದು ಒಳ್ಳೆಯ ಕಾಲದಲ್ಲೇ ಬಿದ್ದರೂ ಖಗ್ರಾಸ ಸಂಜೆ 5.33ಕ್ಕೇ ಮುಗಿಯುವಂಥದ್ದು, ಇಲ್ಲಿ ಚಂದ್ರ ಹುಟ್ಟುವಾಗ ಬಾಲ ಮಾತ್ರ ಉಳಿದಿರುತ್ತದೆ. 2028ರ ಜುಲೈ 6ರ ರಾತ್ರಿಯದು ಖಂಡಗ್ರಾಸ (ಒಂದು ಭಾಗ ಮಾತ್ರ ಮುಚ್ಚುವಂಥದ್ದು), ಮತ್ತೆ ಮಳೆಗಾಲ. ಹಾಗಾಗಿ ಡಿಸೆಂಬರಿನ ಒಣ ಆಕಾಶದಲ್ಲಿ, ಮಕ್ಕಳು ನಿದ್ದೆಗೆ ಬೀಳುವ ಮುಂಚೆ, 71 ನಿಮಿಷದ ಪೂರ್ಣಗ್ರಹಣ ಸಿಗುತ್ತದೆ ಎಂದರೆ ಮನೆಗೊಂದು ಉಪಕರಣ ತರಲು ಸಾಕಷ್ಟು ನೆಪವಾಯಿತು.

ಉಪಕರಣವೇ ಇಲ್ಲದಿದ್ದರೂ ಗ್ರಹಣವೇನೂ ತಪ್ಪಿಹೋಗುವುದಿಲ್ಲ. 1431ರಲ್ಲಿ ದೃಗ್ಗಣಿತ (ಕಣ್ಣಿಗೆ ಕಂಡದ್ದಕ್ಕೆ ಹೊಂದಿಸಿದ ಗ್ರಹಗಣಿತ) ರೂಪಿಸಿದ ಕೇರಳದ ಖಗೋಳಜ್ಞ ಪರಮೇಶ್ವರ ದಶಕಗಳ ಕಾಲ ಗ್ರಹಣ ನೋಡಿ ಲೆಕ್ಕ ತಿದ್ದಿದ್ದು ಬರಿಗಣ್ಣಿನಲ್ಲೇ. ಆದರೆ ಬಣ್ಣ ನೋಡಬೇಕಾದರೆ ಗಾಜು ಬೇಕು. ಯಾವ ಗಾಜು ಎನ್ನುವುದೇ ಪ್ರಶ್ನೆ.

ಇಲ್ಲಿ ನೋಡುತ್ತಿರುವುದು ನಿಕಾನ್ ಅಕ್ಯುಲಾನ್ ಎ211, 10×50, ಅಂದರೆ ಹತ್ತು ಪಟ್ಟು ವರ್ಧನೆ, 50 ಮಿ.ಮೀ. ಮಸೂರ. ಹೋಲಿಕೆಗೆ ಇಟ್ಟುಕೊಂಡದ್ದು ಮಕ್ಕಳಿಗೆ ಉಡುಗೊರೆ ಎಂದು ಹೆಚ್ಚಾಗಿ ಕೊಳ್ಳುವ, 70 ಮಿ.ಮೀ. ಮಸೂರ, 700 ಮಿ.ಮೀ. ಫೋಕಲ್ ಲೆಂತಿನ ಟೆಲಿಸ್ಕೋಪ್. ಕಂಪನಿ ಯಾವುದಾದರೂ ಈ ಅಳತೆಯವೆಲ್ಲ ಹೆಚ್ಚುಕಡಿಮೆ ಒಂದೇ ತರ. ಬೆಲೆ ತಿಂಗಳಿಗೊಂದು ಬಗೆ, ಅದನ್ನು ಬರೆದು ಪ್ರಯೋಜನವಿಲ್ಲ. ತೀರ್ಪು ಮೊದಲೇ ಹೇಳಿಬಿಡಬಹುದು: ಒಬ್ಬರೇ ಕೂತು ಬಿದಿಗೆ, ಅಷ್ಟಮಿಗಳಲ್ಲಿ ಚಂದ್ರನ ಕುಳಿ ಎಣಿಸುವವರು ಟೆಲಿಸ್ಕೋಪ್ ತೆಗೆದುಕೊಳ್ಳಲಿ. ಅಜ್ಜಿಯಿಂದ ಮೊಮ್ಮಗುವಿನ ತನಕ ಎಂಟು ಮಂದಿ ಸರದಿಯಲ್ಲಿ ಗ್ರಹಣ ನೋಡುವ ಮನೆಗೆ 10×50 ಬೈನಾಕ್ಯುಲರೇ ಸರಿ.

ಕಾರಣ ಆಕಾಶದ ಓಟದಲ್ಲಿದೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಚಂದ್ರನ ಅಗಲ ಅರ್ಧ ಡಿಗ್ರಿ. ತನ್ನಷ್ಟೇ ದೂರ ಸರಿಯಲು ಅದಕ್ಕೆ ಎರಡು ನಿಮಿಷ ಸಾಕು. 70 ಮಿ.ಮೀ. ಟೆಲಿಸ್ಕೋಪಿಗೆ 20 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 35 ಪಟ್ಟು, ಕಾಣುವ ಆಕಾಶ ಸುಮಾರು ಒಂದೂವರೆ ಡಿಗ್ರಿಯೊಳಗೆ. ಚಂದ್ರನನ್ನು ನಟ್ಟನಡುವೆ ನಿಲ್ಲಿಸಿ ಕೈಬಿಟ್ಟರೆ ಎರಡು ನಿಮಿಷದೊಳಗೆ ಅಂಚು ಮುಟ್ಟುತ್ತದೆ. ಅಜ್ಜಿ ಚಾವಡಿಯಿಂದ ಇಳಿದು, ಕನ್ನಡಕ ತೆಗೆದು, ಬಗ್ಗಿ ಕಣ್ಣಿಡುವಷ್ಟರಲ್ಲಿ ಅಲ್ಲಿ ಕಪ್ಪು ಬಿಟ್ಟರೆ ಬೇರೇನಿಲ್ಲ. ‘ಎಂತದೂ ಕಾಣುದಿಲ್ಲ ಮಗಾ’ ಎಂಬ ಮಾತು ಬರುವುದು ಹೀಗೆ. ಪ್ರತಿಯೊಬ್ಬರಿಗೂ ಮತ್ತೆ ಹುಡುಕಿಕೊಡಬೇಕು, ಹುಡುಕುವವರಿಗೆ ಗ್ರಹಣ ನೋಡಲು ಪುರುಸೊತ್ತಿರುವುದಿಲ್ಲ. ಅಕ್ಯುಲಾನ್ 10×50ರಲ್ಲಿ ಕಾಣುವುದು 6.5 ಡಿಗ್ರಿ, ಅಂದರೆ ಹದಿಮೂರು ಚಂದ್ರರನ್ನು ಸಾಲಾಗಿ ಇಡುವಷ್ಟು ಅಗಲ. ಟ್ರೈಪಾಡಿನ ಮೇಲೆ ಒಮ್ಮೆ ನಡುವಿಗೆ ತಂದರೆ ಹನ್ನೆರಡು ನಿಮಿಷ ಮುಟ್ಟಬೇಕಾಗಿಲ್ಲ. ಅಷ್ಟರಲ್ಲಿ ಮನೆಮಂದಿಯ ಒಂದು ಸುತ್ತು ಮುಗಿಯುತ್ತದೆ.

ಎರಡನೆಯದು ಬೆಳಕಿನ ಲೆಕ್ಕ. ನಿಮೀಲನದ ನಂತರ ಚಂದ್ರನ ಬೆಳಕು ಹುಣ್ಣಿಮೆಯದಕ್ಕಿಂತ ಹತ್ತು ಸಾವಿರ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕುಗ್ಗುತ್ತದೆ. ಆಗ ಮುಖ್ಯವಾಗುವುದು ಐಪೀಸಿನಿಂದ ಹೊರಬೀಳುವ ಬೆಳಕಿನ ಬಿಲ್ಲೆಯ ಅಗಲ: ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಬರುವ ಸಂಖ್ಯೆ. 50 ಭಾಗಿಸು 10 ಎಂದರೆ 5 ಮಿ.ಮೀ. ಟೆಲಿಸ್ಕೋಪಿನದು 70 ಭಾಗಿಸು 35, ಅಂದರೆ 2 ಮಿ.ಮೀ. ಚಂದ್ರನ ಮೈಯ ಹೊಳಪು ಈ ಅಗಲದ ವರ್ಗಕ್ಕೆ ತಕ್ಕ ಹಾಗೆ, ಆದ್ದರಿಂದ ಬೈನಾಕ್ಯುಲರಿನಲ್ಲಿ ಆರು ಪಟ್ಟಿಗಿಂತ ಹೆಚ್ಚು. ಡಬ್ಬಿಯೊಳಗೆ ಬರುವ 4 ಮಿ.ಮೀ. ಐಪೀಸ್ ಹಾಕಿದರೆ 175 ಪಟ್ಟು, ಬೆಳಕಿನ ಬಿಲ್ಲೆ 0.4 ಮಿ.ಮೀ.; ತಾಮ್ರದ ಚಂದ್ರ ಮಸಿಯ ಮುದ್ದೆಯಾಗುತ್ತದೆ. ಅದರ ಜೊತೆ 3×ನ ಬಾರ್ಲೋ (ವರ್ಧನೆಯನ್ನು ಮೂರು ಪಟ್ಟು ಮಾಡುವ ಮಸೂರ) ಸಿಕ್ಕಿಸಿ 525 ಪಟ್ಟು ಎಂದು ಡಬ್ಬಿಯ ಮೇಲೆ ಬರೆಯುವವರಿಗೆ ನಮಸ್ಕಾರ. 70 ಮಿ.ಮೀ. ಗಾಜು 140 ಪಟ್ಟು ದಾಟಿದರೆ ಮಸುಕನ್ನು ಮಾತ್ರ ದೊಡ್ಡದು ಮಾಡಿ ತೋರಿಸುತ್ತದೆ.

ಇನ್ನು ಅಕ್ಯುಲಾನಿನ ದೋಷಗಳು. ಮೊದಲನೆಯದು ಕನ್ನಡಕದವರಿಗೆ. ಐಪೀಸಿನಿಂದ ಕಣ್ಣು ಇರಬೇಕಾದ ದೂರ 12 ಮಿ.ಮೀ.ಗೂ ತುಸು ಕಡಿಮೆ. ಕನ್ನಡಕ ಹಾಕಿಕೊಂಡು ನೋಡಿದರೆ ಅಂಚು ಕತ್ತರಿಸಿಹೋಗಿ ನಡುವಿನ ವೃತ್ತ ಮಾತ್ರ ಕಾಣುತ್ತದೆ. ರಬ್ಬರ್ ಬಟ್ಟಲನ್ನು ತಿರುಗಿಸಿ ಪೂರ್ತಿ ಒಳಗೆ ತಳ್ಳಿದರೂ ಸಾಲದು. ದೂರದ್ದು ಕಾಣದ ಅಥವಾ ಹತ್ತಿರದ್ದು ಕಾಣದ ಬರೀ ಪವರ್ ಆದರೆ ಕನ್ನಡಕ ತೆಗೆದು ಫೋಕಸ್ ಚಕ್ರ ತಿರುಗಿಸಿಕೊಂಡರೆ ಮುಗಿಯಿತು. ಚೀಟಿಯಲ್ಲಿ ಸಿಲಿಂಡರ್ ಪವರ್ ಹೆಚ್ಚಿದ್ದವರಿಗೆ ಆ ಉಪಾಯ ನಡೆಯುವುದಿಲ್ಲ. ಮನೆಯಲ್ಲಿ ಅಂಥವರು ಇಬ್ಬರು ಮೂವರಿದ್ದರೆ ಇದೇ ಸರಣಿಯ 7×50 ನೋಡಿ. ಅದರಲ್ಲಿ ಕಣ್ಣಿನ ದೂರ 17 ಮಿ.ಮೀ. ದಾಟುತ್ತದೆ, ಚಂದ್ರ ಸ್ವಲ್ಪ ಸಣ್ಣದು, ಕೈ ನಡುಕವೂ ಕಡಿಮೆ.

ಎರಡನೆಯದು ಮಕ್ಕಳದು. ಎರಡು ನಳಿಗೆಗಳನ್ನು ಎಷ್ಟೇ ಮಡಚಿದರೂ ಐಪೀಸುಗಳ ನಡುವೆ 56 ಮಿ.ಮೀ. ಉಳಿಯುತ್ತದೆ. ಆರೇಳು ವರ್ಷದ ಮಕ್ಕಳ ಕಣ್ಣುಗಳು ಅದಕ್ಕಿಂತ ಹತ್ತಿರ. ಅವರಿಗೆ ಎರಡೂ ಕಣ್ಣಿಗೆ ಒಟ್ಟಿಗೆ ಸೇರಿಸಲು ಹೋಗದೆ ಎಡಗಣ್ಣಿಂದ ಎಡದ ನಳಿಗೆಯಲ್ಲಿ ಮಾತ್ರ ನೋಡಲು ಹೇಳಿ. ‘ಕಂಡಿತಾ’ ಎಂದು ಕೇಳಿದರೆ ಎಲ್ಲ ಮಕ್ಕಳೂ ಹೌದೆನ್ನುತ್ತವೆ. ಬೆಳಗಿರುವ ಭಾಗ ಯಾವ ಬದಿಗಿದೆ ಎಂದು ಕೇಳಿ, ಆಗ ಗೊತ್ತಾಗುತ್ತದೆ.

ಮೂರನೆಯದು ಈ ಊರಿಗೇ ಸಂಬಂಧಪಟ್ಟದ್ದು. ಇದು ನೀರು ತಡೆಯುವ ಬೈನಾಕ್ಯುಲರ್ ಅಲ್ಲ. ಒಳಗೆ ತೇವ ಹೋಗುತ್ತದೆ, ಮಳೆಗಾಲದಲ್ಲಿ ಗಾಜಿನ ಮೇಲೆ ಬೂಸ್ಟು ಜೇಡರಬಲೆಯ ಹಾಗೆ ಹಬ್ಬುತ್ತದೆ. ಒಮ್ಮೆ ಹಬ್ಬಿ ಗಾಜಿನ ಲೇಪವನ್ನು ತಿಂದರೆ ಒರೆಸಿದರೂ ಕಲೆ ಹೋಗುವುದಿಲ್ಲ. ಜೊತೆಗೆ ಬರುವ ಬಟ್ಟೆಯ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಮುಚ್ಚಿಡುವುದು ಬೂಸ್ಟಿಗೆ ಮನೆ ಕಟ್ಟಿಕೊಟ್ಟಂತೆ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಿ ತಂದು, 50 ಗ್ರಾಂ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಒಂದು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ಬಣ್ಣ ನೋಡಿ, ತೇವ ಕುಡಿದಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ, ತಣಿದ ಮೇಲೆ ಮತ್ತೆ ಹಾಕಿ. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಬೇಡ. ಸಿಲಿಕಾ ಜೆಲ್ ಬದಲು ಅಕ್ಕಿ ಹಾಕುವವರಿದ್ದಾರೆ, ಬೇಡ. ಅದರ ಹಿಟ್ಟು ಹಿಂಜಿಗೆ (ಮಡಚುವ ಕೀಲಿಗೆ) ಸೇರುತ್ತದೆ.

ಇಷ್ಟನ್ನೂ ಸಹಿಸಿಕೊಳ್ಳಬಹುದು. ಗ್ರಹಣದ ರಾತ್ರಿ ನಿಜವಾಗಿ ಕೈಕೊಡುವುದು ಕುತ್ತಿಗೆ. ಅಂದು ಚಂದ್ರ ಮಿಥುನ ರಾಶಿಯಲ್ಲಿ, ಪೂರ್ವದಿಂದ ತುಸು ಉತ್ತರಕ್ಕೆ. ಕಾಸರಗೋಡಿನಲ್ಲಿ ಸ್ಪರ್ಶದ ಹೊತ್ತಿಗೆ ದಿಗಂತದಿಂದ ಸುಮಾರು 33 ಡಿಗ್ರಿ ಮೇಲೆ, ನಿಮೀಲನಕ್ಕೆ 49, ಮಧ್ಯಕ್ಕೆ 57, ಉನ್ಮೀಲನಕ್ಕೆ 65, ಮೋಕ್ಷಕ್ಕೆ ಹೆಚ್ಚುಕಡಿಮೆ ನೆತ್ತಿಗೇ ಬಂದಿರುತ್ತದೆ. ನೇರ ನಳಿಗೆಯ ಬೈನಾಕ್ಯುಲರನ್ನು ಇಷ್ಟು ಎತ್ತರಕ್ಕೆ ಹಿಡಿಯುವುದೆಂದರೆ ನಿಂತವರ ತಲೆ ಬೆನ್ನಿಗೆ ತಾಗಬೇಕು. 900 ಗ್ರಾಂ ತೂಕ ಎರಡು ನಿಮಿಷಕ್ಕೆ ಏನೂ ಅಲ್ಲ, ಐದು ನಿಮಿಷಕ್ಕೆ ಚಂದ್ರ ಕುಣಿಯತೊಡಗುತ್ತಾನೆ. ಟೆಲಿಸ್ಕೋಪಿನವರಿಗೂ ಸುಖವಿಲ್ಲ: ಐಪೀಸನ್ನು ಓರೆ ಮಾಡುವ ಡಯಾಗನಲ್ 45 ಡಿಗ್ರಿಯದು ಬಂದಿದ್ದರೆ ನೆಲಕ್ಕೆ ಕೂತು ಕತ್ತೆತ್ತಬೇಕು, ನಳಿಗೆಯ ಬಾಲ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. 90 ಡಿಗ್ರಿಯದಾದರೆ ವಾಸಿ.

ಪರಿಹಾರ ಎರಡು. ಒಂದು, ಚಾವಡಿಯ ಮೂಲೆಯಲ್ಲಿ ಮಡಚದ ಬಟ್ಟೆಯ ರಾಶಿ ಹೊತ್ತು ಕೂತಿರುವ ಆರಾಮ ಕುರ್ಚಿ. ಅದನ್ನು ಅಂಗಳಕ್ಕೆ ತಂದು ಪೂರ್ವ-ಈಶಾನ್ಯಕ್ಕೆ ಮುಖ ಮಾಡಿ ಇಟ್ಟು, ಎರಡೂ ಮೊಣಕೈಯ ಕೆಳಗೆ ದಿಂಬು ಕೊಟ್ಟು, ಬೈನಾಕ್ಯುಲರನ್ನು ಐಪೀಸಿನ ಹತ್ತಿರ ಹಿಡಿಯದೆ ಮುಂದಿನ ದೊಡ್ಡ ನಳಿಗೆಗಳ ತುದಿಯಲ್ಲಿ ಹಿಡಿದರೆ ನಡುಕ ಮುಕ್ಕಾಲು ಪಾಲು ಇಳಿಯುತ್ತದೆ. ಟ್ರೈಪಾಡ್ ಇಲ್ಲದ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇನ್ನೊಂದು, ಟ್ರೈಪಾಡ್ ಮತ್ತು ಎಲ್ ಆಕಾರದ ಅಡಾಪ್ಟರ್. ಎರಡು ನಳಿಗೆಗಳ ನಡುವಿನ ಹಿಂಜಿನ ಮುಂದಿನ ತುದಿಯಲ್ಲಿ ಒಂದು ಸಣ್ಣ ಮುಚ್ಚಳವಿದೆ. ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, ಒಳಗೆ ಕಾಲು ಇಂಚಿನ ತಿರುಪಿನ ತೂತು. ಇದು ಗೊತ್ತಿಲ್ಲದೆ ಬೈನಾಕ್ಯುಲರನ್ನು ಟ್ರೈಪಾಡಿಗೆ ಹಗ್ಗದಲ್ಲಿ ಕಟ್ಟುವವರೂ ಇದ್ದಾರೆ. ಅಡಾಪ್ಟರ್ ದಪ್ಪದ್ದಾದರೆ ನಳಿಗೆಗಳ ನಡುವೆ ಸಿಕ್ಕಿಕೊಂಡು ಮಡಚಲು ಬಿಡುವುದಿಲ್ಲ, ತೆಳುವಾದದ್ದನ್ನೇ ಆರಿಸಿ. ಟ್ರೈಪಾಡಿನ ಒಂದು ಕಾಲು ಚಂದ್ರನ ದಿಕ್ಕಿಗೆ, ಉಳಿದೆರಡು ಕೂರುವವರ ಆಚೀಚೆ ಬರಬೇಕು. ಭಾರ ಮುಂದಕ್ಕೆ ವಾಲುವುದರಿಂದ ತಿರುವುಮುರುವಾಗಿ ಇಟ್ಟರೆ ಮಗು ಕೈ ಇಟ್ಟ ಕೂಡಲೇ ಮಗುಚುತ್ತದೆ. ಎತ್ತರ ಒಬ್ಬೊಬ್ಬರಿಗೂ ಬದಲಾಯಿಸಲು ಹೋಗಬೇಡಿ. ಟ್ರೈಪಾಡ್ ಇದ್ದಲ್ಲೇ ಇರಲಿ, ಕುರ್ಚಿ ಬದಲಾಗಲಿ. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿದರೆ ಒಂದೊಂದಕ್ಕೆ ಕೆಲವೇ ಸೆಂಟಿಮೀಟರ್ ಏರುತ್ತದೆ. ಉದ್ದದವರಿಗೆ ಒಂದು, ಗಿಡ್ಡದವರಿಗೆ ಮೂರು ನಾಲ್ಕು. ಮದುವೆಮನೆಗೆ ತರಿಸಿದ ಕುರ್ಚಿಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಕಂಡಿಲ್ಲ.

ಫೋಕಸನ್ನು ಹಗಲಲ್ಲೇ ಕಲಿಸಿಬಿಡಿ. ಬಲದ ನಳಿಗೆಯ ಮುಂಭಾಗವನ್ನು ಅಂಗೈಯಲ್ಲಿ ಮುಚ್ಚಿ, ಎಡಗಣ್ಣಿಂದ ದೂರದ ತೆಂಗಿನ ಗರಿಯನ್ನು ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಗರಿ ಚೂಪಾಗುವಂತೆ ಮಾಡಿ. ಆಮೇಲೆ ಎಡದ್ದನ್ನು ಮುಚ್ಚಿ, ಚಕ್ರ ಮುಟ್ಟದೆ, ಬಲದ ಐಪೀಸಿನ ಉಂಗುರವನ್ನು ಮಾತ್ರ ತಿರುಗಿಸಿ. ಈ ಉಂಗುರದ ಜಾಗ ಒಬ್ಬೊಬ್ಬರಿಗೆ ಒಂದೊಂದು. ಬಿಳಿ ಟೇಪಿನ ಚೂರು ಅಂಟಿಸಿ ಅಪ್ಪ, ಅಮ್ಮ, ಅಜ್ಜ ಎಂದು ಪೆನ್ನಿನಲ್ಲಿ ಗುರುತು ಹಾಕಿದರೆ ಗ್ರಹಣದ ಹೊತ್ತಿಗೆ ಅರ್ಧ ತಕರಾರು ಇಲ್ಲ. ಎರಡೂ ಕಣ್ಣು ತೆರೆದಾಗ ಚಂದ್ರ ಎರಡಾಗಿ ಕಂಡರೆ ಅದು ಫೋಕಸಿನ ತಪ್ಪಲ್ಲ, ಬಿದ್ದೋ ಬಡಿದೋ ಒಳಗಿನ ಪ್ರಿಸಂ ಜರುಗಿದೆ. ಕೊಳ್ಳುವಾಗಲೇ ದೂರದ ಮೊಬೈಲ್ ಟವರೊಂದನ್ನು ನೋಡಿ ಇದನ್ನು ಪರೀಕ್ಷಿಸಿ.

ಕೊಳ್ಳುವಾಗ ಇನ್ನೆರಡು ಪರೀಕ್ಷೆ. ಬೈನಾಕ್ಯುಲರನ್ನು ಮುಖದಿಂದ ಒಂದಡಿ ದೂರ ಹಿಡಿದು, ದೊಡ್ಡ ಗಾಜು ಬೆಳಕಿನ ಕಡೆಗಿರುವಂತೆ ಐಪೀಸುಗಳನ್ನು ನೋಡಿದರೆ ಎರಡು ಬಿಳಿ ಬಿಲ್ಲೆಗಳು ಕಾಣುತ್ತವೆ. ದುಂಡಗಿದ್ದರೆ ಪ್ರಿಸಂ ಒಳ್ಳೆಯ ಬ್ಯಾಕ್-4 ಗಾಜಿನದು, ಅಕ್ಯುಲಾನಿನದು ಹೀಗೇ ಇದೆ. ಮೂಲೆ ಕತ್ತರಿಸಿ ಚೌಕದಂತೆ ಕಂಡರೆ ಅಗ್ಗದ್ದು. ಜಾತ್ರೆಯ ಅಂಗಡಿಗಳಲ್ಲಿ ‘30×60’ ಎಂದು ಬರೆದು ಅಂಗೈಯಲ್ಲಿ ಹಿಡಿಯುವಂಥವು ಸಿಗುತ್ತವೆ. ಸ್ಕೇಲ್ ಇಟ್ಟು ಮುಂದಿನ ಗಾಜು ಅಳೆಯಿರಿ, 60 ಮಿ.ಮೀ. ಎಲ್ಲಿದೆ? ಇನ್ನು ಕೆಂಪಗೆ ಹೊಳೆಯುವ ‘ರೂಬಿ’ ಲೇಪದ ಗಾಜು ಗ್ರಹಣಕ್ಕೆ ಎಲ್ಲಕ್ಕಿಂತ ಕೆಟ್ಟದ್ದು. ಕೆಂಪು ಹೊಳೆಯುತ್ತದೆ ಎಂದರೆ ಕೆಂಪು ಬೆಳಕನ್ನು ಹೊರಗೇ ಹಿಂದಕ್ಕೆ ಅಟ್ಟುತ್ತಿದೆ ಎಂದು ಅರ್ಥ. ತಾಮ್ರದ ಬಣ್ಣ ನೋಡಲು ಹೊರಟವರಿಗೆ ಸಿಗುವುದು ಹಸಿರು ಛಾಯೆಯ ಬೂದಿ.

ಜಾಗದ ವಿಷಯ. ಗ್ರಹಣ ಎಂದ ಕೂಡಲೇ ಬೇಕಲದ ಕಡಲತಡಿ ನೆನಪಾಗುವವರಿಗೆ ಒಂದು ಮಾತು: ನಮ್ಮ ಕಡಲು ಪಶ್ಚಿಮಕ್ಕೆ, ಚಂದ್ರ ಪೂರ್ವಕ್ಕೆ. ಕಡಲತಡಿಯಲ್ಲಿ ಸಿಗುವುದು ಗಾಜಿನ ಮೇಲೆ ಉಪ್ಪಿನ ಪೊರೆ ಮಾತ್ರ. ಪೊಸಡಿಗುಂಪೆ ಗುಡ್ಡ ಹತ್ತಬೇಕಾಗಿಯೂ ಇಲ್ಲ, ಪೂರ್ವಕ್ಕೆ ತೆರೆದ ಪದವು (ಬಯಲು) ಅಥವಾ ಮನೆಯ ತಾರಸಿ ಸಾಕು. ತೋಟದ ನಡುವಿನ ಮನೆಯಾದರೆ ಮರದ ಲೆಕ್ಕ ಹಾಕಿ: 15 ಮೀಟರ್ ಎತ್ತರದ ಅಡಕೆ ಮರ ಕುರ್ಚಿಯಿಂದ 21 ಮೀಟರಿಗಿಂತ ಹತ್ತಿರವಿದ್ದರೆ ಸ್ಪರ್ಶವನ್ನು ಮರೆಮಾಡುತ್ತದೆ. ಮಧ್ಯದ ಹೊತ್ತಿಗೆ 9 ಮೀಟರ್ ಬಿಟ್ಟಿದ್ದರೆ ಸಾಕು. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ. ಮೂರು ಮುಷ್ಟಿಯ ಮೇಲೆ ಗರಿ ಇಲ್ಲವೇ ಎಂದು ನೋಡಿಕೊಳ್ಳಿ. ಅದೇ ತಿಂಗಳು ಇನ್ನೊಂದು ಹುಣ್ಣಿಮೆ ಇದೆ. ಡಿಸೆಂಬರ್ 1ರ ರಾತ್ರಿ ಚಂದ್ರ ಹೆಚ್ಚುಕಡಿಮೆ ಇದೇ ಹಾದಿಯಲ್ಲಿ ಬರುತ್ತಾನೆ, ಕುರ್ಚಿ ಇಟ್ಟು ತಾಲೀಮು ಮುಗಿಸಿ. ಅಂಗಳದ ತುಂಬ ಅಡಕೆ ಹರಡುವ ಕಾಲ ಅದು, ಟ್ರೈಪಾಡಿಗೂ ಎಂಟು ಜನರ ಓಡಾಟಕ್ಕೂ ಒಂದು ಓಣಿ ಬಿಡಿಸಿಕೊಳ್ಳಿ. ಕತ್ತಲಲ್ಲಿ ಗೋಟಡಕೆ ಮೆಟ್ಟಿದರೆ ಬೀಳುವುದು ಬೈನಾಕ್ಯುಲರ್ ಒಂದೇ ಅಲ್ಲ.

ಏನು ನೋಡಬೇಕು? ನೆರಳು ಕೆಳಮೈಯಿಂದ, ಗ್ರಿಮಾಲ್ಡಿ ಎಂಬ ಕಪ್ಪು ಮಚ್ಚೆಯ ಕಡೆಯಿಂದ ಏರುತ್ತದೆ. ಅದಕ್ಕೆ ಮುಂಚೆ ಅರೆನೆರಳಿನ ಮಬ್ಬು ಇರುತ್ತದೆ, ಪಂಚಾಂಗ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ, ನೀವೂ ಬಿಡಬಹುದು. ಊಟ ಮುಗಿಸಿಕೊಳ್ಳಲು ಅದು ಒಳ್ಳೆಯ ಹೊತ್ತು. ಗ್ರಹಣದಲ್ಲಿ ಉಣ್ಣದ ಹಿರಿಯರಿದ್ದರೆ ಹೇಗೂ ಅದಕ್ಕೆ ಮುಂಚೆಯೇ ಬಡಿಸಿರುತ್ತೀರಿ. ಬೈನಾಕ್ಯುಲರಿನ ಬೆಲೆ ತೀರುವುದು 9.46ರ ಹಿಂದುಮುಂದಿನ ಐದಾರು ನಿಮಿಷಗಳಲ್ಲಿ. ಬಿಳಿಯ ಕೊನೆಯ ಚೂರು ಮತ್ತು ಕೆಂಪಿನ ನಡುವೆ ತೆಳುವಾದ ನೀಲಿ-ಹಸಿರು ಅಂಚೊಂದು ಬರುತ್ತದೆ. ಭೂಮಿಯ ಓಝೋನ್ ಪದರ ದಾಟುವಾಗ ಕೆಂಪು ಹೀರಿಹೋಗಿ ಉಳಿದ ಬೆಳಕು ಅದು. ಬರಿಗಣ್ಣಿಗೆ ಕಷ್ಟ, 10×50ಕ್ಕೆ ಸಲೀಸು. 10.58ರ ಹೊತ್ತಿಗೆ ಇನ್ನೊಮ್ಮೆ ಸಿಗುತ್ತದೆ. ಸರದಿ ಹಂಚುವಾಗ ಈ ಎರಡು ಹೊತ್ತನ್ನು ನೆನಪಿಟ್ಟುಕೊಳ್ಳಿ, ಮೊದಲನೆಯದು ಸಿಗದ ಮಗುವಿಗೆ ಎರಡನೆಯದು ಕೊಡಿ.

ಚಂದ್ರ ಅಂದು ನೆರಳಿನ ನಡುವಿಗಿಂತ ಉತ್ತರಕ್ಕೆ ಹಾಯುತ್ತಾನೆ. ಹಾಗಾಗಿ ಮಧ್ಯದಲ್ಲೂ ಎಡಬದಿ ತುಸು ಬೆಳ್ಳಗೆ, ಬಲಬದಿ ಗಾಢ ಇರಬೇಕು. ಎಷ್ಟು ಗಾಢ ಎನ್ನುವುದು ಭೂಮಿಯ ಗಾಳಿಯಲ್ಲಿನ ಧೂಳಿನ ಕೈಯಲ್ಲಿದೆ. 1991ರಲ್ಲಿ ಪಿನಾಟುಬೊ ಜ್ವಾಲಾಮುಖಿ ಸಿಡಿದ ಮೇಲೆ 1992ರ ಡಿಸೆಂಬರ್ ಗ್ರಹಣದಲ್ಲಿ ಚಂದ್ರ ಹುಡುಕಬೇಕಾದಷ್ಟು ಮಂಕಾಗಿತ್ತು. ಫ್ರೆಂಚ್ ಖಗೋಳಜ್ಞ ಡಾಂಜೋನ್ ಇದಕ್ಕೆ 0ಯಿಂದ 4ರ ತನಕ ಅಂಕ ಇಟ್ಟ: 0 ಎಂದರೆ ಕಾಣಲೇ ಆರದ ಕಪ್ಪು, 2 ತುಕ್ಕಿನ ಕೆಂಪು, 4 ಹೊಳೆಯುವ ತಾಮ್ರ. ಮಧ್ಯದ ಹೊತ್ತಿಗೆ ಎಲ್ಲರೂ ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಅಂಕ ಬರೆಯಲಿ. ಇದಕ್ಕೆ ಮಾತ್ರ ಬರಿಗಣ್ಣು. ಬರೆಯಲು ಟಾರ್ಚ್ ಬೇಕಾದರೆ ಕೆಂಪು ಬಣ್ಣದ ಕಾಗದ ಸುತ್ತಿ, ಜಗಲಿಯ ದೀಪ ಆರಿಸಿ.

ಮೊಬೈಲ್ ಫೋಟೊದ ಆಸೆಯಿದ್ದರೆ ಟ್ರೈಪಾಡಿನ ಮೇಲಿದ್ದಾಗ ಮಾತ್ರ. ಖಂಡಗ್ರಾಸದಲ್ಲಿ ಚಂದ್ರನ ಮೇಲೆ ಬೆರಳೊತ್ತಿ ಬೆಳಕನ್ನು ಕೆಳಕ್ಕೆಳೆಯಿರಿ. ಖಗ್ರಾಸದಲ್ಲಿ ಪ್ರೊ ಮೋಡಿಗೆ ಹೋಗಿ ಐಎಸ್‌ಒ 800, ಒಂದು ಸೆಕೆಂಡು, ಮೂರು ಸೆಕೆಂಡಿನ ಟೈಮರ್. ಮೂರು ಪ್ರಯತ್ನಕ್ಕೆ ಬರದಿದ್ದರೆ ಬಿಟ್ಟುಬಿಡಿ, ಸರದಿಯಲ್ಲಿ ಜನ ಕಾಯುತ್ತಿದ್ದಾರೆ.

ಡಿಸೆಂಬರಿನ ಇಬ್ಬನಿ ಹತ್ತು ಗಂಟೆಗೆಲ್ಲ ಗಾಜಿಗೆ ಇಳಿಯುತ್ತದೆ. ಬಣ್ಣ ಮಾಸಿದಂತೆ ಕಂಡರೆ ಗ್ರಹಣವನ್ನು ದೂರುವ ಮೊದಲು ಮುಂದಿನ ಮಸೂರ ನೋಡಿ. ತಡೆಯಲು ಎರಡು ನಳಿಗೆಗೂ ಮುಂದಕ್ಕೆ 8 ಸೆಂ.ಮೀ. ಚಾಚುವಂತೆ ಕಪ್ಪು ಕಾಗದದ ಕೊಳವೆ ಸುತ್ತಿ. ನೀರಲ್ಲಿ ನೆನೆಸಿ ಮೆತ್ತಗೆ ಮಾಡಿದ ಅಡಕೆ ಹಾಳೆಯನ್ನು ಸುತ್ತಿ ಹಿಂದಿನ ದಿನವೇ ಒಣಗಿಸಿಟ್ಟರೆ ಕಾಗದಕ್ಕಿಂತ ಗಟ್ಟಿ, ತೇವಕ್ಕೆ ಮುದುಡುವುದಿಲ್ಲ. (ತಲೆಗೊಂದು ಹಾಳೆಟೊಪ್ಪಿ ಇದ್ದರೆ ಇನ್ನೂ ಒಳ್ಳೆಯದು.) ಇಬ್ಬನಿ ಕೂತೇಬಿಟ್ಟರೆ ಬೈರಾಸಿನಲ್ಲಿ (ಹೆಗಲ ಟವೆಲಿನಲ್ಲಿ) ಉಜ್ಜಬೇಡಿ, ಅದರಲ್ಲಿನ ಮಣ್ಣಿನ ಕಣ ಲೇಪವನ್ನು ಗೀರುತ್ತದೆ. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಒಂದಡಿ ದೂರದಿಂದ ಅರ್ಧ ನಿಮಿಷ ಹಿಡಿದರೆ ಆರುತ್ತದೆ.

ಹನ್ನೆರಡಕ್ಕೆ ಊರೆಲ್ಲ ಪಟಾಕಿ ಹೊಡೆದು ಹೊಗೆ ಏಳುವಾಗ ಉಳಿದಿರುವುದು ಒಂದು ಸಣ್ಣ ಕಚ್ಚಿದ ಗುರುತಷ್ಟೇ, ನಷ್ಟವೇನಿಲ್ಲ. ಮೋಕ್ಷವಾದ ಮೇಲೆ ಬೈನಾಕ್ಯುಲರನ್ನು ತೇವದಲ್ಲೇ ಡಬ್ಬಿಗೆ ಹಾಕಬೇಡಿ. ಮುಚ್ಚಳ ತೆಗೆದು, ಗಾಜು ಕೆಳಮುಖವಾಗದಂತೆ ಒಳಗಿನ ಕೋಣೆಯ ಮೇಜಿನ ಮೇಲೆ ಬೆಳಗಿನ ತನಕ ಇಡಿ. ಬೆಳಿಗ್ಗೆ ಬಿಸಿಲು ಕೋಣೆಗೆ ಬಂದ ಮೇಲೆ ಒಮ್ಮೆ ಗಾಜನ್ನು ಓರೆಯಾಗಿ ಹಿಡಿದು ನೋಡಿ, ಮಬ್ಬು ಪೂರ್ತಿ ಹೋಗಿದ್ದರೆ ಆಗ ಸಿಲಿಕಾ ಜೆಲ್ಲಿನ ಡಬ್ಬಿಗೆ.